ಎಡಗೈ ಕೆಳಗಿನ ಏಳನೇ ಹುರಿ

ನಮ್ಮೂರಲ್ಲಿ ಮನೆಗೆ ಎರಡು ಪುಸ್ತಕ. ಒಂದು ಬೈಬಲ್, ಇನ್ನೊಂದು ರಕ್ತ ಕುಡಿಯುವ ವಿಧವೆಯ ಕಾದಂಬರಿ. ಎರಡನ್ನೂ ಒಂದೇ ಕಪಾಟಿನಲ್ಲಿ ಇಡುತ್ತೇವೆ. ಒಂದಕ್ಕೊಂದು ತಾಗದಿರಲೆಂದು ನಡುವೆ ಪ್ರಾರ್ಥನೆಯ ಹಾಡಿನ ಪುಸ್ತಕವನ್ನು ನಿಲ್ಲಿಸುತ್ತೇವೆ. ಎರಡರಲ್ಲಿ ಯಾವುದು ಹೆಚ್ಚು ಸವೆದಿದೆ ಎಂದು ಪಾದ್ರಿಗಳು ಕೇಳುವುದಿಲ್ಲ, ನಾವೂ ಹೇಳುವುದಿಲ್ಲ.

ಕಾದಂಬರಿಯ ಕಥೆ ಉದ್ದವೇನಲ್ಲ. ಹೊರದೇಶದ ಹಡಗೊಂದು ಮಂಜಿನಲ್ಲಿ ದಾರಿ ತಪ್ಪಿ ನಮ್ಮ ಬಂದರೂರು ಸ್ಕೆಲ್ವಿಕ್ಕಿಗೆ ಬರುತ್ತದೆ. ಕಪ್ಪು ಮುಸುಕು ಹಾಕಿಕೊಂಡ ವಿಧವೆಯೊಬ್ಬಳು ಗಂಡನ ಶವಪೆಟ್ಟಿಗೆಯ ಸಮೇತ ಇಳಿಯುತ್ತಾಳೆ. ಪೆಟ್ಟಿಗೆಯಲ್ಲಿ ಗಂಡ ಇಲ್ಲ, ಹಗಲೆಲ್ಲ ಅದರಲ್ಲಿ ಮಲಗುವವಳು ಅವಳೇ. ಅಲ್ಲಿಂದ ಮುಂದೆ ನಾನೂರು ಪುಟ ಊರಿನವರ ಕುತ್ತಿಗೆಗೆ ಗ್ರಹಚಾರ. ಬರೆದವನು ಲಂಡನ್ನಿನವನು. ನೂರ ಹತ್ತು ವರ್ಷದ ಹಿಂದೆ ಒಂದು ಬೇಸಿಗೆಯ ಕೊನೆಗೆ ಇಲ್ಲಿ ಏಳು ವಾರ ಬಾಡಿಗೆಗಿದ್ದ. ಬಂದರಿನ ಮೇಲಿನ ಕಿಟಕಿಯಲ್ಲಿ ಕೂತು ಕಂಡದ್ದನ್ನೆಲ್ಲ ಗೀಚಿಕೊಂಡು ಹೋದ. ಅವನು ಗೀಚಿಕೊಂಡದ್ದರಲ್ಲಿ ವಿಧವೆ ಒಬ್ಬಳನ್ನು ಬಿಟ್ಟರೆ ಉಳಿದದ್ದೆಲ್ಲ ನಮ್ಮದು.

ಹಾಗಾಗಿ ನಾವು ಆ ಪುಸ್ತಕವನ್ನು ಓದುವ ರೀತಿಯೇ ಬೇರೆ. ಹೊರಗಿನವರು ಭಯಪಡಲು ಓದುತ್ತಾರೆ, ನಾವು ನಮ್ಮನ್ನು ಹುಡುಕಲು ಓದುತ್ತೇವೆ. ಊರಿನ ಪ್ರತಿ ಹಳೇ ಮನೆತನಕ್ಕೂ ಅದರಲ್ಲಿ ಒಂದೊಂದು ಸಾಲು ಇದೆ. ಮೂರನೇ ಅಧ್ಯಾಯದಲ್ಲಿ ವಿಧವೆ ತಟ್ಟೆಯಲ್ಲಿಯೇ ಬಿಟ್ಟು ಎದ್ದ ಬನ್ನು ಥೀಕರ್ ಬೇಕರಿಯದು. ಥೀಕರ್ ಮನೆಯವರಿಗೆ ಇವತ್ತಿಗೂ ಅದೊಂದು ಕೊರಗು, ಒಂದು ತುತ್ತು ತಿಂದಿದ್ದರೆ ರಕ್ತದ ಸಹವಾಸ ಬಿಡುತ್ತಿದ್ದಳು ಎಂದು. ಐದನೇ ಅಧ್ಯಾಯದಲ್ಲಿ ಅವಳನ್ನು ಕಂಡು ಬೊಗಳುವ ನಾಯಿ ವೆರಿಲ್ ಮನೆಯದು. ಆ ನಾಯಿಯ ವಂಶದ್ದೇ ಎಂದು ಅವರು ತೋರಿಸುವ ಈಗಿನ ನಾಯಿ ಕಳ್ಳ ಬಂದರೂ ಬಾಲ ಅಲ್ಲಾಡಿಸುತ್ತದೆ. ಪ್ರತಿ ವರ್ಷ ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆಯಿಂದ ಸಂಜೆಯವರೆಗೆ ಚಾಪೆಲ್ಲಿನಲ್ಲಿ ಇಡೀ ಪುಸ್ತಕವನ್ನು ಗಟ್ಟಿಯಾಗಿ ಓದುತ್ತೇವೆ, ತಲೆಗೆ ಐದೈದು ಪುಟ. ತಮ್ಮ ಸಾಲು ಬಂದಾಗ ಆ ಮನೆಯವರು ಎದ್ದು ನಿಲ್ಲುತ್ತಾರೆ, ಸಾಲು ಮುಗಿದ ಮೇಲೆ ಕೂರುತ್ತಾರೆ. ಮಾತಿಲ್ಲ, ಕತೆಯಿಲ್ಲ. ಈ ಓದು ಶುರುವಾದಾಗ ಇದ್ದ ಪಾದ್ರಿಗಳು ಎರಡು ಷರತ್ತು ಹಾಕಿದ್ದರು. ಮೊದಲು ಒಂದು ಪ್ರಾರ್ಥನೆಯ ಹಾಡು ಆಗಬೇಕು. ಓದುವವರು ಒಂದು ಪದ ಸೇರಿಸಬಾರದು, ಒಂದು ಪದ ಬಿಡಬಾರದು.

ನಮ್ಮ ಅನ್‌ಥ್ಯಾಂಕ್ ಮನೆತನದ ಸಾಲು ಒಂಬತ್ತನೇ ಅಧ್ಯಾಯದಲ್ಲಿದೆ. ಬೇರೆಯವರ ಸಾಲಿನ ಹಾಗೆ ಎದ್ದು ನಿಂತು ಮೆರೆಯುವಂಥ ಸಾಲಲ್ಲ. ದೋಣಿ ಇಳಿಸುವ ಇಳಿಜಾರಿನ ಬುಡದಲ್ಲಿ ನಾವಿಕನೊಬ್ಬನ ಹೆಣ ಸಿಗುತ್ತದೆ, ಮೈಯಲ್ಲಿ ಹನಿ ರಕ್ತವಿಲ್ಲ. ಊರಿನವರು ಸುತ್ತ ನೆರೆಯುತ್ತಾರೆ, ಹೆದರಿ ಹಿಂದೆ ಸರಿಯುತ್ತಾರೆ. ಆಮೇಲೆ ಈ ವಾಕ್ಯ: "ಆ ಮನುಷ್ಯನನ್ನು ತಮ್ಮವನೆಂದು ಹೇಳಲು ಸ್ಕೆಲ್ವಿಕ್ಕಿನಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ." ಅವನನ್ನು ಹೆಸರಿಲ್ಲದೆ ಹೂಳುತ್ತಾರೆ. ಕಥೆ ಮುಂದಕ್ಕೆ ಹೋಗುತ್ತದೆ.

ಆ ಹೆಣ ನನ್ನ ಮುತ್ತಜ್ಜನದು. ಹೆಸರು ಐಸಾಕ್ ಅನ್‌ಥ್ಯಾಂಕ್. ವಯಸ್ಸು ಇಪ್ಪತ್ತಾರು.

ನಡೆದದ್ದು ಇಷ್ಟು. ಆ ತಿಂಗಳ ಬಿರುಗಾಳಿಗೆ ಊರಿನ ಎರಡು ದೋಣಿ ಹೋಗಿದ್ದವು, ಐದು ಜನ ಗಂಡಸರ ಪತ್ತೆಯಿರಲಿಲ್ಲ. ಹದಿನೆಂಟು ದಿನ ಕಳೆದು ಒಬ್ಬ ದಡಕ್ಕೆ ಬಂದ. ಅಷ್ಟು ದಿನ ನೀರಿನಲ್ಲಿದ್ದವನ ಮುಖ ನೋಡಿ ಹೇಳುವಂತಿರಲಿಲ್ಲ. ಮೈಮೇಲೆ ಗ್ಯಾನ್ಸಿ ಇತ್ತು. ನಮ್ಮ ಮೀನುಗಾರರು ತೊಡುವ, ಮನೆಯ ಹೆಂಗಸರೇ ಬಿಗಿಯಾಗಿ ಹೆಣೆಯುವ ನೀಲಿ ಉಣ್ಣೆಯ ಅಂಗಿ ಅದು. ಊರಿಗೊಂದು ಹೆಣಿಗೆ. ಸ್ಕೆಲ್ವಿಕ್ಕಿನದು ಹುರಿ ಮತ್ತು ಏಣಿ. ಎದೆಯ ಮೇಲೆ ಸಾಲುಸಾಲಾಗಿ ಹಗ್ಗ ಹೊಸೆದಂಥ ಹುರಿಗಳು, ನಡುನಡುವೆ ಏಣಿಯ ಮೆಟ್ಟಿಲು. ನಮ್ಮೂರಿನವನೇ ಎಂದು ಅಷ್ಟರಿಂದ ಗೊತ್ತಾಯಿತು. ಆದರೆ ಐವರಲ್ಲಿ ಯಾರು? ಐವರೂ ತೊಟ್ಟಿದ್ದು ಅದೇ ನೀಲಿ, ಅದೇ ಹುರಿ. ನಾಲ್ವರ ಹೆಂಡಿರು ಬಂದು ನೋಡಿದರು. ನನ್ನವನಿರಬಹುದು ಎನ್ನಿಸಿದರೂ ಯಾರೂ ಬಾಯಿಬಿಡಲಿಲ್ಲ. ತಪ್ಪಿ ಹೇಳಿದರೆ ಇನ್ನೊಬ್ಬಳ ಗಂಡನನ್ನು ತಾನು ಹೂಳಿದಂತಾಗುತ್ತದೆ. ಐದನೆಯವಳೂ ಬಂದು ನೋಡಲಿ ಎಂದು ಕಾದರು. ಐದನೆಯವಳು ನನ್ನ ಮುತ್ತಜ್ಜಿ ಕೆಜಾಯಾ. ಅವಳು ಆರು ತಿಂಗಳ ಬಸುರಿ, ಸ್ಕಾರ್ಬರೋ ಪಟ್ಟಣದಲ್ಲಿ ಹೆರಿಂಗ್ ಮೀನು ಸೀಳುವ ಕೆಲಸಕ್ಕೆ ಹೋಗಿದ್ದಳು. ಅವಳಿಗೆ ಸುದ್ದಿ ಮುಟ್ಟಿ ಅವಳು ಬಂದದ್ದು ಮೂರನೇ ದಿನ. ಎರಡನೇ ದಿನವೇ ಲಂಡನ್ನಿನವನು ಪೆಟ್ಟಿಗೆ ಕಟ್ಟಿಕೊಂಡು ರೈಲು ಹತ್ತಿದ್ದ. ಅವನು ಕಂಡದ್ದು ಬಾಯಿ ಮುಚ್ಚಿ ನಿಂತ ಒಂದು ಊರು. ಅದನ್ನು ಭಯ ಎಂದುಕೊಂಡ.

ಕೆಜಾಯಾ ಬಂದವಳು ಹೆಣದ ಎಡಗೈ ಎತ್ತಿದಳು. ಕಂಕುಳ ಕೆಳಗಿನ ಹುರಿಗಳನ್ನು ಬೆರಳಿಟ್ಟು ಎಣಿಸಿದಳು. ಏಳನೇ ಹುರಿ ಒಂದು ಕಡೆ ಉಲ್ಟಾ ಹೊಸೆದಿತ್ತು. ಮದುವೆಯ ಹೊಸತರಲ್ಲಿ, ಹೆಣೆಯುತ್ತ ಐಸಾಕನೊಂದಿಗೆ ಏನೋ ಹೇಳಿಕೊಂಡು ನಗುತ್ತ ಕೂತಿದ್ದಾಗ ಆದ ತಪ್ಪು. ಬಿಚ್ಚಿ ಸರಿಮಾಡುತ್ತೇನೆ ಎಂದರೆ ಅವನೇ ಬೇಡ ಅಂದಿದ್ದನಂತೆ. "ಇವನು ನನ್ನವನು" ಎಂದಳು. ಹೆಸರು ಹೇಳಿಯೇ ಹೂಳಿದರು. ಗುಡ್ಡದ ಮೇಲಿನ ಸಮಾಧಿಯ ಕಲ್ಲಿನಲ್ಲಿ ಹೆಸರು ಇವತ್ತಿಗೂ ಚೆನ್ನಾಗಿ ಕಾಣುತ್ತದೆ. ಆಮೇಲೆ ನಮ್ಮ ಮನೆಯಲ್ಲಿ ಹೆಣೆದ ಪ್ರತಿಯೊಂದು ಗ್ಯಾನ್ಸಿಯಲ್ಲೂ ಎಡಗೈ ಕೆಳಗೆ ಏಳನೇ ಹುರಿಯನ್ನು ಬೇಕೆಂದೇ ಉಲ್ಟಾ ಹೊಸೆಯುತ್ತಾ ಬಂದಿದ್ದಾರೆ.

ಇದನ್ನೆಲ್ಲ ನನಗೆ ಹೇಳಿದವಳು ಡೋರ್ಕಸ್ ಅತ್ತೆ, ನನ್ನ ಅಪ್ಪನ ಅಕ್ಕ. ನನಗೆ ಆರು ವರ್ಷವಾಗಿದ್ದಾಗ ಅಮ್ಮ ಸತ್ತಳು, ಅಲ್ಲಿಂದ ಸಾಕಿದವಳು ಅತ್ತೆಯೇ. ಮದುವೆ ಮಾಡಿಕೊಳ್ಳಲಿಲ್ಲ. ಕೆಜಾಯಾ ಅಜ್ಜಿಯ ಕಾಲ ಬಳಿ ಕೂತು ಹೆಣಿಗೆ ಕಲಿತವಳು. ಈಗ ಎಂಬತ್ತಾರು ವರ್ಷ, ಐದಡಿ ಎತ್ತರವೂ ಇಲ್ಲ, ಆದರೆ ಅವಳು ಬಾಯಿ ತೆರೆದರೆ ಬಂದರಿನ ಆ ತುದಿಯಲ್ಲಿ ಬಲೆ ಸರಿಮಾಡುವವರು ತಲೆಯೆತ್ತುತ್ತಾರೆ.

ಮೊದಲ ವರ್ಷದ ಓದಿನಲ್ಲಿ ಒಂಬತ್ತನೇ ಅಧ್ಯಾಯದ ಆ ವಾಕ್ಯ ಬಂದಾಗ ಅತ್ತೆ ಉಳಿದ ಮನೆಯವರ ಹಾಗೆ ಎದ್ದು ನಿಂತಳು. ಆದರೆ ನಿಂತು ಸುಮ್ಮನಿರಲಿಲ್ಲ.

"ತೆರೀತು," ಅಂದಳು. "ಮೂರನೇ ದಿನ ನಮ್ಮಜ್ಜಿ ಕೆಜಾಯಾ ಬಾಯಿ ತೆರೆದಳು. ಅವನ ಹೆಸರು ಐಸಾಕ್ ಅನ್‌ಥ್ಯಾಂಕ್. ಎಡಗೈ ಕೆಳಗೆ ಏಳನೇ ಹುರಿ. ಈಗ ಮುಂದಕ್ಕೆ ಓದಿ."

ಓದುತ್ತಿದ್ದ ಶಾಲೆಯ ಮೇಷ್ಟ್ರು ಕೆಮ್ಮಿ ಮುಂದಕ್ಕೆ ಓದಿದರು. ನನಗೆ ಆಗ ಇಪ್ಪತ್ತೊಂದು. ಪಕ್ಕದಲ್ಲಿ ಸ್ಕಾರ್ಬರೋದ ಹುಡುಗನೊಬ್ಬ ಕೂತಿದ್ದ, ಚೆಂದದ ಬೂಟು, ಚೆಂದದ ಹಲ್ಲು. ಅವನು ಕಿಸಕ್ಕನೆ ನಕ್ಕ. ನಾನು ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆ. ಹುಡುಗ ಆಮೇಲೆ ಪತ್ತೆಯಿಲ್ಲ, ಹೋಗಲಿ ಬಿಡಿ. ಆದರೆ ಆ ನಾಚಿಕೆ ಹೋಗಲಿಲ್ಲ. ಮುಂದಿನ ವರ್ಷದಿಂದ ಒಂಬತ್ತನೇ ಅಧ್ಯಾಯ ಹತ್ತಿರ ಬಂದರೆ ಸಾಕು, ಟೀ ಕಾಯಿಸುವ ನೆಪದಲ್ಲಿ ಚಾಪೆಲ್ಲಿನ ಹಿಂದಿನ ಅಡುಗೆಮನೆಗೆ ಎದ್ದುಹೋಗುತ್ತಿದ್ದೆ. ಅತ್ತೆಯ ದನಿ ಗೋಡೆ ದಾಟಿ ಬರುತ್ತದೆಂದು ನಲ್ಲಿಯನ್ನು ಪೂರ್ತಿ ತಿರುಗಿಸಿ ಬಿಡುತ್ತಿದ್ದೆ. ಕೆಟಲ್ ತುಂಬಿ ಚೆಲ್ಲುತ್ತಿತ್ತು. ಮೂವತ್ತು ವರ್ಷ ಹೀಗೇ ನಡೆಯಿತು. ಅತ್ತೆ ಅದರ ಬಗ್ಗೆ ಒಂದು ಮಾತು ಆಡಲಿಲ್ಲ, ಬೇರೆ ಎಲ್ಲದರ ಬಗ್ಗೆ ಆಡಿದಳು. ಮುಖ್ಯವಾಗಿ ನನಗೆ ಹೆಣಿಗೆ ಬರದ ಬಗ್ಗೆ. "ಪಾತ್ರೆ ಇಳಿಸೋ ಬಟ್ಟೆ ಹೆಣಿ ಅಂದ್ರೆ ಬಲೆ ಹೆಣೀತಾಳೆ, ಮೀನೂ ನಿಲ್ಲಲ್ಲ ಅದ್ರಲ್ಲಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಈ ವರ್ಷ ಓದಿನ ಸಮಿತಿಗೆ ಹೊಸ ಅಧ್ಯಕ್ಷರು ಬಂದರು, ನೈಜೆಲ್ ಪೆಂಬರ್ಟನ್. ಲೀಡ್ಸಿನಲ್ಲಿ ಕೆಲಸ ಮುಗಿಸಿ ಇಲ್ಲಿ ಮನೆ ಕೊಂಡವರು. ಇಲ್ಲಿಗೆ ಬಂದು ಹನ್ನೊಂದು ವರ್ಷವಾಗಿತ್ತು, ಎಂದರೆ ನಮ್ಮ ಲೆಕ್ಕದಲ್ಲಿ ಮೊನ್ನೆ ಬಂದವರು. ಕೆಟ್ಟವರಲ್ಲ. ಆದರೆ ಕಾಗದ ಕಂಡರೆ ಪಟ್ಟಿ ಮಾಡುವ ಚಾಳಿ. ಈ ಸಲ ಓದನ್ನು ರೇಡಿಯೋದವರು ನೇರವಾಗಿ ಪ್ರಸಾರ ಮಾಡುತ್ತಾರೆ ಎಂಬ ಸುದ್ದಿಯನ್ನು ಅವರೇ ತಂದರು. ಊರಿಗೆ ಊರೇ ಕ್ಷೌರ ಮಾಡಿಸಿಕೊಳ್ಳುವ ಯೋಚನೆಯಲ್ಲಿ ಬಿತ್ತು. ರೇಡಿಯೋದಲ್ಲಿ ತಲೆ ಕಾಣುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನಲ್ಲಿ ಚಾಪೆಲ್ಲಿನ ಬಾಗಿಲಿಗೆ ಓದುವವರ ಪಟ್ಟಿ ಅಂಟಿಸಿದರು. ಒಂಬತ್ತನೇ ಅಧ್ಯಾಯ, ಮೊದಲ ಐದು ಪುಟ: ಮಿಸ್ ಡೋರ್ಕಸ್ ಅನ್‌ಥ್ಯಾಂಕ್.

ಇಲ್ಲಿ ನಾನು ಸುಳ್ಳು ಹೇಳಬಾರದು. ಅದನ್ನು ಓದಿದ ಕೂಡಲೇ ನನಗೆ ಹಾಯೆನಿಸಿತು. ಓದುವವರು ಒಂದು ಪದ ಸೇರಿಸುವಂತಿಲ್ಲ. ಅತ್ತೆ ಚಾಪೆಲ್ಲಿನವಳು, ಕೊಟ್ಟ ಮಾತಿಗೆ ತಪ್ಪುವವಳಲ್ಲ. ಈ ವರ್ಷ ದೇಶವೆಲ್ಲ ಕೇಳುತ್ತಿರುವಾಗ ನಮ್ಮ ಮನೆಯವರು ಎದ್ದು ಕೂಗುವುದಿಲ್ಲ. ಪಟ್ಟಿಯ ಮುಂದೆ ನಿಂತು ನಾನು ಹಾಗೆ ಯೋಚಿಸಿದೆ, ಮನೆಗೆ ಹೋಗಿ ನೆಮ್ಮದಿಯಾಗಿ ಊಟ ಮಾಡಿದೆ.

ನೆಮ್ಮದಿ ಎರಡು ದಿನ ಬಾಳಿತು. ಮೂರನೇ ದಿನ ಬ್ರೆಡ್ಡು ಕೊಡಲು ಅತ್ತೆಯ ಮನೆಗೆ ಹೋದರೆ, ಅವಳು ಕಿಟಕಿಯ ಬಳಿ ಹೆಣೆಯುತ್ತ ಕೂತಿದ್ದಾಳೆ. ತೊಡೆಯ ಮೇಲೆ ಕಾದಂಬರಿ, ಪುಟ ಹಾರದಂತೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕಡ್ಡಿಗಳು ಟಿಕ್ ಟಿಕ್ ಎನ್ನುತ್ತಿವೆ, ಅವಳು ಓದುತ್ತಿದ್ದಾಳೆ: "ಸ್ಕೆಲ್ವಿಕ್ಕಿನಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ." ಮತ್ತೆ ಅದೇ. ಮತ್ತೊಮ್ಮೆ ಅದೇ. ಏರಿಲ್ಲ, ಇಳಿತವಿಲ್ಲ, ದಿನಸಿ ಚೀಟಿ ಓದುವವರ ದನಿ. ಇಷ್ಟು ವರ್ಷ ಆ ವಾಕ್ಯದ ಮೈಮೇಲೆ ಬೀಳುತ್ತಿದ್ದವಳು ಅದನ್ನು ತನ್ನ ಬಾಯಲ್ಲೇ ಪಳಗಿಸುತ್ತಿದ್ದಳು. ಬ್ರೆಡ್ಡನ್ನು ಮೇಜಿನ ಮೇಲೆ ಕುಕ್ಕಿದೆ.

"ಅತ್ತೆ, ಆ ಪುಟ ಬೇಡ ಅಂತ ಹೇಳಿಬಿಡು," ಅಂದೆ.

"ಯಾಕೆ?"

"ಯಾಕೆ ಅಂತೆ! ಆ ಲೀಡ್ಸಿನವನು ಬೇಕೂಂತ್ಲೇ ನಿಂಗೆ ಹಾಕಿದ್ದಾನೆ. ಓದೋ ಜಾಗದಲ್ಲಿ ನಿಲ್ಲಿಸಿಬಿಟ್ರೆ ನೀನು ಎದ್ದು ಮಾತಾಡೋ ಹಾಗಿಲ್ವಲ್ಲ. ಅಷ್ಟೂ ಗೊತ್ತಾಗಲ್ವಾ ನಿಂಗೆ? ನಿನ್ನ ಬಾಯಿಂದಲೇ ಆ ಸುಳ್ಳು ಹೇಳಿಸ್ತಾ ಇದ್ದಾನೆ."

"ಸುಳ್ಳು ಯಾಕಾಗುತ್ತೆ? ಅವನು ನೋಡಿದ್ದು ಅಷ್ಟೇ. ಎರಡು ದಿನ ನೋಡ್ದ, ರೈಲು ಹತ್ತಿ ಹೋದ. ಇನ್ನೊಂದು ದಿನ ಇದ್ದಿದ್ರೆ ಅಜ್ಜಿ ಬಂದಿದ್ದನ್ನೂ ಬರೀತಿದ್ದ ಪಾಪ. ಬರೆದಿರೋದನ್ನ ಬರೆದ ಹಾಗೇ ಓದ್ತೀನಿ. ಅದಕ್ಕೇ ಓದು ಅನ್ನೋದು."

"ಹಾಗಾದ್ರೆ ಹೆಸರು ಯಾರು ಹೇಳೋದು?"

"ಹದಿನಾಲ್ಕು, ಹದಿನೈದು, ಹದಿನಾರು... ಎಣಿಸೋವಾಗ ಮಾತಾಡಿಸ್ಬೇಡ ಕಣೇ ಮಾವಿಸ್. ಹೋಗೋವಾಗ ಬಾಗಿಲು ಸರಿಯಾಗಿ ಎಳ್ಕೊಂಡು ಹೋಗು, ಗಾಳಿ ಬರುತ್ತೆ."

ಬಾಗಿಲು ಎಳೆದುಕೊಂಡು ನೇರ ಪೆಂಬರ್ಟನ್ ಮನೆಗೆ ಹೋದೆ. ಅವರು ಹೂಕುಂಡಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದರು.

"ಪೆಂಬರ್ಟನ್ ಅವರೇ, ಆ ಪಟ್ಟಿ ಬದಲಾಯಿಸಿ," ಅಂದೆ.

"ಅದು ಆಗಲ್ಲ ಮಾವಿಸ್. ರೇಡಿಯೋದವರಿಗೆ ಕಳಿಸಿ ಆಯ್ತು."

"ಎಂಬತ್ತಾರು ವರ್ಷದ ಹೆಂಗಸಿನ ಬಾಯಿ ಕಟ್ಟಕ್ಕೆ ಇಷ್ಟು ಉಪಾಯ ಮಾಡಿದ್ರಲ್ಲ, ನಾಚಿಕೆ ಆಗಲ್ವಾ ನಿಮ್ಗೆ? ಊರಿಗೆ ಬಂದು ನಾಲ್ಕು ದಿನ ಆಗಿಲ್ಲ."

"ಹನ್ನೊಂದು ವರ್ಷ," ಅಂದರು ಮೆಲ್ಲಗೆ. ಅವರ ಕಿವಿ ಕೆಂಪಾಯಿತು. "ನಾನೇನೂ ಹೇಳೋ ಹಾಗಿಲ್ಲ. ದಯವಿಟ್ಟು ನಿಮ್ಮ ಅತ್ತೇನೇ ಕೇಳಿ." ನನಗೆ ಅದು ತಪ್ಪಿತಸ್ಥನ ಕಿವಿಯ ಹಾಗೆ ಕಂಡಿತು. ಇನ್ನೂ ನಾಲ್ಕು ಮಾತು ಬೈದು ಬಂದೆ.

ಅಕ್ಟೋಬರ್ ಕೊನೆಯ ವಾರ ನಾನು ನಡೆಸುವ ಪುಟ್ಟ ವಸತಿಗೃಹದ ನಾಲ್ಕು ಕೋಣೆಯೂ ತುಂಬಿತು. ಆ ವಾರ ಬರುವವರೆಲ್ಲ ಕಾದಂಬರಿಯ ಹುಚ್ಚಿನವರು, ವಿಧವೆಯ ಹಾಗೆ ವೇಷ ಕಟ್ಟುವ ಕಪ್ಪು ಬಟ್ಟೆಯ ಮಕ್ಕಳು. ಮುಖಕ್ಕೆ ಬಿಳಿ ಪುಡಿ, ತುಟಿಗೆ ಕಪ್ಪು ಬಣ್ಣ, ನನ್ನ ದಿಂಬಿನ ಚೀಲಗಳಿಗೆಲ್ಲ ಅದರ ಮುದ್ರೆ. ಹೊರಗಿನವರು ಅವರನ್ನು ಕಂಡು ಮೂಗು ಮುರಿಯುತ್ತಾರೆ. ಅಷ್ಟು ಸಭ್ಯ ಬಾಡಿಗೆದಾರರು ವರ್ಷವೆಲ್ಲ ಹುಡುಕಿದರೂ ನನಗೆ ಸಿಗುವುದಿಲ್ಲ. ಅವರಲ್ಲಿ ಲಿಂಡ್ಸೆ ಎಂಬವಳು ಶೆಫೀಲ್ಡಿನ ದಂತವೈದ್ಯೆ, ಏಳು ವರ್ಷದಿಂದ ತಪ್ಪದೆ ಬರುತ್ತಾಳೆ. ತನ್ನ ಕೋರೆಹಲ್ಲುಗಳನ್ನು ತಾನೇ ಎರಕ ಹೊಯ್ದು ಮಾಡಿಕೊಂಡಿದ್ದಾಳೆ. ಬೆಳಿಗ್ಗೆ ಹೊಗೆ ಹಾಕಿದ ಹೆರಿಂಗ್ ತಿನ್ನುವಾಗ ಅವನ್ನು ತೆಗೆದು ಕರವಸ್ತ್ರದ ಮೇಲೆ ಜೋಡಿಸಿಟ್ಟುಕೊಳ್ಳುತ್ತಾಳೆ.

ಶನಿವಾರ ಬೆಳಿಗ್ಗೆ ಹೊರಡುವ ಮುಂಚೆ ಅತ್ತೆ ಫೋನು ಮಾಡಿದಳು. "ಚಾಪೆಲ್ಲು ತಣ್ಣಗಿರುತ್ತೆ. ನಿನ್ನ ಐವತ್ತಕ್ಕೆ ಹೆಣೆದುಕೊಟ್ಟಿದ್ದೆನಲ್ಲ ಗ್ಯಾನ್ಸಿ, ಅದನ್ನ ಹಾಕ್ಕೊಂಡು ಬಾ."

"ಚುಚ್ಚುತ್ತೆ ಅತ್ತೆ ಅದು."

"ಚುಚ್ಚಲಿ. ಎಚ್ಚರ ಇರುತ್ತೆ."

ಹಾಕಿಕೊಂಡು ಹೋದೆ. ಚಾಪೆಲ್ ಕಿಕ್ಕಿರಿದಿತ್ತು. ಹಿಂದಿನ ಬೆಂಚುಗಳೆಲ್ಲ ಕಪ್ಪು, ಮುಂದಿನವೆಲ್ಲ ಊರಿನವರ ಭಾನುವಾರದ ಕೋಟು. ಓದುವ ಮೇಜಿನ ಮೇಲೆ ಮೈಕು. ಹಾಡು ಆಯಿತು, ವಿಧವೆ ಹಡಗಿನಿಂದ ಇಳಿದಳು, ಬನ್ನು ಮುಟ್ಟಲಿಲ್ಲ. ಥೀಕರ್ ಮನೆಯವರು ಎದ್ದು ನಿಂತು ಎಂದಿನಂತೆ ತಲೆಯಲ್ಲಾಡಿಸಿ ಕೂತರು. ಹನ್ನೊಂದು ಗಂಟೆಗೆ ಎಂಟನೇ ಅಧ್ಯಾಯ ಮುಗಿಯುತ್ತ ಬಂತು. ನನ್ನ ಕಾಲು ಅದರಷ್ಟಕ್ಕೆ ಅದೇ ಅಡುಗೆಮನೆಯ ಕಡೆ ತಿರುಗಿತು. ಬಾಗಿಲಲ್ಲಿ ಲಿಂಡ್ಸೆ ನಿಂತಿದ್ದಳು, ಕಪ್ಪು ರೇಷ್ಮೆಯ ಮೇಲೆ ಚಾಪೆಲ್ಲಿನ ಹೂವಿನ ಏಪ್ರನ್ ಕಟ್ಟಿಕೊಂಡು.

"ನೀವು ಕೂತ್ಕೊಳ್ಳಿ ಮಾವಿಸ್," ಎಂದು ಪಿಸುಗುಟ್ಟಿದಳು. "ಟೀ ನಾನು ನೋಡ್ಕೊತೀನಿ. ನಿಮ್ಮ ಅತ್ತೆ ನಿನ್ನೆನೇ ಹೇಳಿಬಿಟ್ಟಿದ್ದಾರೆ."

ಹಿಂದಕ್ಕೆ ಬಂದು ಅನ್‌ಥ್ಯಾಂಕ್ ಬೆಂಚಿನಲ್ಲಿ ಕೂತೆ. ಅಪ್ಪ ಹೋದ ಮೇಲೆ ಆ ಬೆಂಚಿಗೆ ಅತ್ತೆ ಮತ್ತು ನಾನು ಇಬ್ಬರೇ. ಈಗ ಒಬ್ಬಳೇ.

ಅತ್ತೆ ಮೇಜಿನ ಬಳಿ ಹೋದಳು. ನಿಲ್ಲಲು ಹಾಲಿನ ಕ್ರೇಟು ಇಟ್ಟಿದ್ದರು, ಅದರ ಮೇಲೆ ಹತ್ತಿದಳು. ಕನ್ನಡಕ ಸರಿಮಾಡಿಕೊಂಡು ಓದತೊಡಗಿದಳು. ನನಗೆ ಗೊತ್ತಿಲ್ಲದ ಸಂಗತಿಯೊಂದು ಆಗ ಗೊತ್ತಾಯಿತು: ಅತ್ತೆ ಚೆನ್ನಾಗಿ ಓದುತ್ತಾಳೆ. ಮಂಜು ಬಂದರಿಗೆ ಇಳಿಯಿತು, ಇಳಿಜಾರಿನ ಕಲ್ಲುಗಳು ಒದ್ದೆಯಾದವು, ಹೆಣ ನೀರಿನಂಚಿನಲ್ಲಿ ಮೆಲ್ಲಗೆ ಹೊರಳಿತು. ಹಿಂದಿನ ಬೆಂಚಿನ ಕಪ್ಪು ಬಟ್ಟೆಯ ಮಕ್ಕಳು ಮುಂದಕ್ಕೆ ಬಾಗಿ ಕೂತರು. ಅತ್ತೆ ತನ್ನ ತಾತನ ಹೆಣದ ವರ್ಣನೆಯನ್ನು, ಹನಿ ರಕ್ತವಿಲ್ಲದ ಕೈಗಳನ್ನು, ಹೆದರಿ ಹಿಂದೆ ಸರಿದ ಊರನ್ನು, ಒಂದಕ್ಷರ ನುಂಗದೆ ಓದಿದಳು. ಆಮೇಲೆ ಅದು ಬಂತು.

"ಆ ಮನುಷ್ಯನನ್ನು ತಮ್ಮವನೆಂದು ಹೇಳಲು ಸ್ಕೆಲ್ವಿಕ್ಕಿನಲ್ಲಿ ಒಂದು ಬಾಯಿಯೂ ತೆರೆಯಲಿಲ್ಲ."

ಪದ್ಧತಿಯಂತೆ ನಾನು ಎದ್ದು ನಿಂತೆ. ಅತ್ತೆ ಮುಂದಿನ ವಾಕ್ಯಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಕನ್ನಡಕ ತೆಗೆದಳು. ಅಂಗಿಯ ತೋಳಿನೊಳಗಿಂದ ಕರವಸ್ತ್ರ ಎಳೆದು ಗಾಜು ಒರೆಸತೊಡಗಿದಳು. ಒಂದು ಗಾಜು ಒರೆಸಿದಳು, ಬೆಳಕಿಗೆ ಹಿಡಿದು ನೋಡಿದಳು, ಇನ್ನೊಂದನ್ನು ಒರೆಸಿದಳು. ಪದ ಸೇರಿಸಬಾರದು, ಪದ ಬಿಡಬಾರದು ಎಂದು ನಿಯಮ. ಕನ್ನಡಕ ಒರೆಸಬಾರದು ಎಂದು ಯಾರೂ ಬರೆದಿರಲಿಲ್ಲ. ರೇಡಿಯೋದ ಹುಡುಗಿ ಕಿವಿಯ ಮೇಲಿನ ಯಂತ್ರ ಒತ್ತಿ ಹಿಡಿದು ಪೆಂಬರ್ಟನ್ ಕಡೆ ನೋಡಿದಳು. ಪೆಂಬರ್ಟನ್ ಚಾವಣಿ ನೋಡುತ್ತಿದ್ದರು. ಊರಿನವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಅತ್ತೆ ತಲೆಯೆತ್ತಿ ಕನ್ನಡಕವಿಲ್ಲದ ಕಣ್ಣಿನಿಂದ ನನ್ನನ್ನು ನೋಡಿದಳು. ಅಷ್ಟು ದೂರದಿಂದ ನಾನು ಅವಳಿಗೆ ನೀಲಿ ಮಬ್ಬಾಗಿ ಮಾತ್ರ ಕಂಡಿರಬೇಕು.

ಆಗ ಅರ್ಥವಾಯಿತು. ನಾನು ಈಗ ಕೂತರೆ ಆ ವಾಕ್ಯ ನಿಜವಾಗುತ್ತದೆ. ಲಂಡನ್ನಿನವನು ಬರೆದದ್ದಕ್ಕಲ್ಲ, ನಾನು ಬಾಯಿ ಮುಚ್ಚಿದ್ದಕ್ಕೆ.

"ತೆರೀತು," ಅಂದೆ. ದನಿ ಕೀರಲಾಯಿತು. ಮತ್ತೆ ಹೇಳಿದೆ, ಗಟ್ಟಿಯಾಗಿ. "ತೆರೀತು! ಮೂರನೇ ದಿನ ನನ್ನ ಮುತ್ತಜ್ಜಿ ಕೆಜಾಯಾ ಬಾಯಿ ತೆರೆದಳು. ಊರಿನವರು ಹೆದರಿ ಸುಮ್ಮನಿರಲಿಲ್ಲ, ಅವಳು ಬರಲಿ ಅಂತ ಕಾಯ್ತಿದ್ರು. ಅವನ ಹೆಸರು ಐಸಾಕ್ ಅನ್‌ಥ್ಯಾಂಕ್. ಬಲಗೈ ಕೆಳಗೆ ಏಳನೇ ಹುರಿ!"

ಹೇಳುತ್ತ ಬಲಗೈಯನ್ನು ಮೇಲಕ್ಕೆ ಎತ್ತಿಬಿಟ್ಟೆ.

"ಎಡಗೈ ಕಣೇ!"

ಎಂಬತ್ತಾರು ವರ್ಷದ ದನಿ ಮೈಕಿನಲ್ಲಿ ಹೋಗಿ ದೇಶದ ಅಡುಗೆಮನೆಗಳಿಗೆಲ್ಲ ಮುಟ್ಟಿತು. ರೇಡಿಯೋದ ಹುಡುಗಿ ಕಿವಿಯ ಯಂತ್ರ ಕಿತ್ತೆಸೆದಳು. ಚಾಪೆಲ್ಲಿಗೆ ಚಾಪೆಲ್ಲೇ ನಕ್ಕಿತು, ಥೀಕರ್ ಮನೆಯವರಿಂದ ಹಿಡಿದು ಹಿಂದಿನ ಬೆಂಚಿನ ಕೋರೆಹಲ್ಲುಗಳವರೆಗೆ. ಅದು ಸ್ಕಾರ್ಬರೋದ ಹುಡುಗನ ನಗೆಯಲ್ಲ. ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಎಡಗೈ ಎತ್ತಿದೆ. ಗ್ಯಾನ್ಸಿಯ ಏಳನೇ ಹುರಿಯ ಮೇಲೆ ಬೆರಳಿಟ್ಟೆ. ಉಲ್ಟಾ ಹೊಸೆದ ಗಂಟು ಬೆರಳಿಗೆ ಸಿಕ್ಕಿತು. ಎರಡು ವರ್ಷದಿಂದ ನನ್ನ ಬೀರುವಿನಲ್ಲಿತ್ತು ಈ ಅಂಗಿ, ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

"ಎಡಗೈ ಕೆಳಗೆ ಏಳನೇ ಹುರಿ," ಅಂದೆ. "ಐಸಾಕ್ ಅನ್‌ಥ್ಯಾಂಕ್. ನಮ್ಮವನು. ಈಗ ಮುಂದಕ್ಕೆ ಓದಿ."

ಅತ್ತೆ ಕನ್ನಡಕ ಹಾಕಿಕೊಂಡಳು, ಬೆರಳಿಂದ ಸಾಲು ಹುಡುಕಿದಳು, ಮುಂದಕ್ಕೆ ಓದಿದಳು. ಉಳಿದ ನಾಲ್ಕು ಪುಟದಲ್ಲಿ ವಿಧವೆ ಇನ್ನಿಬ್ಬರನ್ನು ಕೊಂದಳು, ನನಗೆ ಒಂದೂ ಕಿವಿಗೆ ಬೀಳಲಿಲ್ಲ. ನಾನು ಹೆಮ್ಮೆಯಿಂದ ಸೆಟೆದು ಕೂತಿದ್ದೆ. ಐಸಾಕನ ಬಗ್ಗೆ ಹೆಮ್ಮೆ, ಬಸುರು ಹೊತ್ತು ಬಂದು ಕೈಯೆತ್ತಿ ಎಣಿಸಿದ ಕೆಜಾಯಾಳ ಬಗ್ಗೆ ಹೆಮ್ಮೆ, ತನ್ನವನಿರಬಹುದು ಎನ್ನಿಸಿದರೂ ಬಾಯಿಬಿಡದೆ ಕಾದ ಆ ನಾಲ್ವರು ಹೆಂಗಸರ ಬಗ್ಗೆಯೂ ಹೆಮ್ಮೆ. ಹಾಲಿನ ಕ್ರೇಟಿನ ಮೇಲೆ ನಿಂತಿದ್ದ ಆ ಮುದು ಹೆಂಗಸಿನ ಬಗ್ಗೆ ಎಷ್ಟು ಎಂದು ಹೇಳಲು ನನಗೆ ಬರುವುದಿಲ್ಲ.

ಟೀ ವಿರಾಮದಲ್ಲಿ ಪೆಂಬರ್ಟನ್ ಅವರನ್ನು ಅಡುಗೆಮನೆಯಲ್ಲಿ ಹಿಡಿದೆ. ಬೈಯಲು ಹೋದದ್ದಲ್ಲ. "ನೋಡಿ, ನೀವು ಅತ್ತೆ ಬಾಯಿ ಕಟ್ಟಕ್ಕೆ ಹೋದ್ರಿ, ಹೆಸರು ದೇಶಕ್ಕೇ ಕೇಳಿಸ್ತು," ಎಂದು ಸ್ವಲ್ಪ ಮೆರೆಯಲು ಹೋದದ್ದು.

ಅವರು ಟೀ ಕಪ್ಪನ್ನು ಕೆಳಗಿಟ್ಟರು. "ಆ ಪುಟ ನಾನು ಹಾಕಿದ್ದಲ್ಲ ಮಾವಿಸ್. ಅವರೇ ಬಂದು ಕೇಳಿದ್ರು. ಜುಲೈ ತಿಂಗಳಲ್ಲಿ."

"ಜುಲೈನಲ್ಲಾ? ಮತ್ತೆ ನಾನು ಬಂದು ಅಷ್ಟೆಲ್ಲ ಬೈದಾಗ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನನ್ನ ಹೂಕುಂಡ ಎಲ್ಲ ಬಂದರಿಗೆ ಎಸೀತೀನಿ ಅಂದಿದ್ರು. ಒಂದೊಂದಾಗಿ."

"ಎಸೀತಾರೆ ಎಸೀತಾರೆ," ಅಂದಳು ಲಿಂಡ್ಸೆ, ಕೆಟಲ್ ತುಂಬುತ್ತ.

ನಾನು ಅವರ ಕ್ಷಮೆ ಕೇಳಿದೆ, ಥೀಕರ್ ಬೇಕರಿಯ ಬನ್ನೊಂದನ್ನು ಅವರ ತಟ್ಟೆಗೆ ಹಾಕಿದೆ. ಇನ್ನೊಂದನ್ನು ತೆಗೆದುಕೊಂಡು ಹೊರಗೆ ಹೋದೆ. ಅತ್ತೆ ಚಾಪೆಲ್ಲಿನ ಗೋಡೆಗೆ ಒರಗಿದ ಬೆಂಚಿನಲ್ಲಿ ಬಿಸಿಲಿಗೆ ಮುಖ ಕೊಟ್ಟು ಕೂತಿದ್ದಳು, ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕಪ್ಪು ಬಟ್ಟೆಯ ಹುಡುಗಿಯರಿಬ್ಬರು ಬಂದು, ಐಸಾಕನ ಸಮಾಧಿ ಎಲ್ಲಿದೆ ಎಂದು ಕೇಳಿದರು. ಇಷ್ಟು ವರ್ಷ ಬಂದವರೆಲ್ಲ ಹೆಸರಿಲ್ಲದ ನಾವಿಕನ ಸಮಾಧಿ ಎಲ್ಲಿ ಎಂದು ಕೇಳುತ್ತಿದ್ದರು. ಅತ್ತೆ ಗುಡ್ಡದ ಕಡೆ ಕೈತೋರಿಸಿದಳು. "ಹೋದ್ಮೇಲೆ ಕಲ್ಲಿನ ಮೇಲಿರೋ ಹೆಸರನ್ನ ಗಟ್ಟಿಯಾಗಿ ಓದಿ ಬನ್ನಿ," ಅಂದಳು. ಅವರು ಗಾಳಿಗೆ ಲಂಗ ಹಿಡಿದುಕೊಂಡು ಹತ್ತುತ್ತ ಹೋದರು.

ನಾನು ಪಕ್ಕದಲ್ಲಿ ಕೂತು ಬನ್ನು ಮುರಿದು ಅರ್ಧ ಕೊಟ್ಟೆ. ಅವಳು ಅಗಿಯುತ್ತ ಸಮುದ್ರ ನೋಡಿದಳು.

"ಬಲಗೈ ಅಂತೆ," ಅಂದಳು ಕೊನೆಗೆ.

"ಹೋಗ್ಲಿ ಬಿಡು ಅತ್ತೆ."

"ದೇಶದ ಮುಂದೆ ಬಲಗೈ ಎತ್ತಿ ನಿಂತ್ಕೊಂಡ್ಲು. ಅಜ್ಜಿ ಕೇಳಿದ್ರೆ ಎದ್ದು ಬಂದು ಹೊಡೀತಿದ್ಲು."

"ನೀನು ನಿಯಮ ಮುರಿದೆ ಗೊತ್ತಾ? ಎರಡು ಪದ ಸೇರಿಸಿದೆ."

"ಸೇರಿಸ್ದೆ. ದೇವರು ಕೇಳಿದ್ರೆ ಹೇಳ್ಕೊತೀನಿ." ಬನ್ನಿನ ಪುಡಿಯನ್ನು ಮಡಿಲಿಂದ ಕೊಡವಿದಳು. ಆಮೇಲೆ ನನ್ನ ಎಡಗೈಯನ್ನು ಎತ್ತಿ, ಕಂಕುಳ ಕೆಳಗಿನ ಹುರಿಯನ್ನು ಹೆಬ್ಬೆರಳಿಂದ ಒತ್ತಿ ಸರಿಮಾಡಿದಳು. ಕೈಯನ್ನು ಅಲ್ಲೇ ಇಟ್ಟುಕೊಂಡಳು.

"ಮುಂದಿನ ವರ್ಷ ಸರಿಯಾಗಿ ಹೇಳ್ತೀನಿ," ಅಂದೆ.

"ಹೇಳು," ಅಂದಳು ಅತ್ತೆ. "ನಾನು ಒಳಗೆ ಟೀ ಕಾಯಿಸ್ತಾ ಇರ್ತೀನಿ. ನಲ್ಲಿ ಮಾತ್ರ ಬಿಡಲ್ಲ."